ಒಗ್ಗರಣೆಗೆ ಮೊದಲು ಅವಳ ಪಾಲು

ನಮ್ಮ ಖಟಕ ಚಿಂಚೋಳಿ ಕಡೆ ಮುಟ್ಟಿನ ನೋವಿಗೆ ಮದ್ದು ಒಂದೇ: ಅಜವಾನ ನೀರು ಕುಡಿದು ಮಲಗುವುದು. ನಮ್ಮ ಮನೆಯ ಹುಡುಗಿ ಆರು ವರ್ಷ ಹಾಗೇ ಮಲಗಿದಳು. ಕೊನೆಗೆ ಸ್ತ್ರೀರೋಗ ವೈದ್ಯರು ಹೆಸರು ಹೇಳಿದರು: ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ, ಅಂಡಾಶಯ, ಕರುಳಿನ ಮೇಲೆಲ್ಲ ಬೆಳೆಯುವ ಕಾಯಿಲೆ ಇದು. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಊಟ ಬದಲಿಸಿದರೆ ವಾಸಿಯಾಗುತ್ತದಾ? ಇಲ್ಲ. ಆದರೆ ಇದರ ಜೊತೆ ಬರುವ ಹೊಟ್ಟೆ ಉಬ್ಬರ, ಮಲಬದ್ಧತೆ, ಭೇದಿ ಕೆಲವರಿಗೆ ಕಡಿಮೆಯಾಗುತ್ತವೆ. ಕರುಳಿನಲ್ಲಿ ಬೇಗ ಹುಳಿತು ಗಾಳಿ ತುಂಬುವ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿ, ಕೆಲವು ಬೇಳೆಗಳನ್ನು ಸ್ವಲ್ಪ ದಿನ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡುವುದು ಅದರ ಕ್ರಮ.

ಹೇಳುವುದು ಸುಲಭ. ಉಳ್ಳಾಗಡ್ಡಿ ಇಲ್ಲದ ಪಲ್ಯ ನಮ್ಮಲ್ಲಿ ಎಲ್ಲಿದೆ? "ಒಬ್ಬಾಕಿ ಸಲುವಾಗಿ ಬ್ಯಾರೆ ಗಡಿಗಿ ಇಡಬೇಕೇನವ್ವಾ?" ಎಂದರು ಅತ್ತಿ. ಬೇರೆ ಗಡಿಗೆ ಬೇಕಾಗಲಿಲ್ಲ. ಒಗ್ಗರಣೆ ಹಾಕುವ ಮೊದಲೇ ಅವಳ ಪಾಲು ತೆಗೆದು, ಜೀರಿಗೆ, ಅರಿಶಿನ ಹಾಕಿ ಕುದಿಸಿದೆವು. ಜೋಳದ ರೊಟ್ಟಿ ಹಾಗೇ ಉಳಿಯಿತು. ಜೊತೆಗೆ ಒಂದು ಚಮಚ ಅಗಸೆ ಹಿಂಡಿ, ಬಳ್ಳೊಳ್ಳಿ ಹಾಕದೆ ಕುಟ್ಟಿದ್ದು. ಕಾಯಿಸಿದ ಎಣ್ಣೆಯನ್ನೇ ಮತ್ತೆ ಕಾಯಿಸಿ ಕರಿದ ಭಜಿ ಬಂದ್.

ನಾಲ್ಕು ವಾರ ಕಳೆದ ಮೇಲೆ ಒಂದೊಂದೇ ಪದಾರ್ಥ ವಾಪಸ್ ತಂದು, ತಿಂದದ್ದು, ಆದದ್ದು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದೆವು. ಅವಳಿಗೆ ಆಗದಿದ್ದದ್ದು ಉಳ್ಳಾಗಡ್ಡಿ. ತೊಗರಿಬೇಳೆ ಸ್ವಲ್ಪ ತಿಂದರೆ ನಡೆಯುತ್ತದೆ. ಉಬ್ಬರ ಇಳಿಯಿತು. ಮೊದಲ ದಿನದ ನೋವಿಗೆ ಮಾತ್ರ ಇಂದಿಗೂ ಗುಳಿಗೆ ಬೇಕು.

ಒಂದು ಎಚ್ಚರ. ನಮ್ಮ ಹೆಣ್ಣುಮಕ್ಕಳಿಗೆ "ಬಿಡು" ಎಂದರೆ ಎಲ್ಲವನ್ನೂ ಬಿಟ್ಟೇಬಿಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಹೆಚ್ಚು ಹೋಗುವವರು ಬೇಳೆ, ಸೊಪ್ಪು ಕಾಯಂ ಬಿಟ್ಟರೆ ಗತಿ ಏನು? ಆದ್ದರಿಂದ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಒಂದು ಬಿಟ್ಟರೆ ಅದರ ಜಾಗಕ್ಕೆ ಇನ್ನೊಂದು ತಿನ್ನಿ.

ತಿಂಗಳು ತಿಂಗಳೂ ಶಾಲೆ, ಕೂಲಿ ತಪ್ಪಿಸುವ ನೋವು, ಮಲ ಹೋಗುವಾಗ ಅಥವಾ ಗಂಡನ ಜೊತೆ ಕೂಡುವಾಗ ನೋವು, ಮಕ್ಕಳಾಗದಿರುವುದು — ಇವಿದ್ದರೆ ಭಾಲ್ಕಿಗೋ ಬೀದರಿಗೋ ಹೋಗಿ ಸ್ತ್ರೀರೋಗ ವೈದ್ಯರಿಗೆ ತೋರಿಸಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಈ ಕಾಯಿಲೆ ಇರಬಹುದು. "ಎಲ್ಲರಿಗೂ ಇರೋದೇ" ಎಂದರೆ ಎದ್ದು ಬರಬೇಡಿ, ಇನ್ನೊಮ್ಮೆ ಕೇಳಿ.