ಕೃತಿಗೆ ಹೆಸರಿಡುವ ವಿಮರ್ಶೆ

ಹೊಸ ಕೃತಿಯೊಂದು ಬಂದಾಗ ವಿಮರ್ಶಕನು ಎರಡು ಕೆಲಸಗಳನ್ನು ಮಾಡುತ್ತಾನೆ: ಅದನ್ನು ತೂಗುತ್ತಾನೆ, ಅದಕ್ಕೊಂದು ಕುಲನಾಮವನ್ನು ಕೊಡುತ್ತಾನೆ. ತೂಕವನ್ನು ಜನ ಬೇಗ ಮರೆಯುತ್ತಾರೆ, ಹೆಸರು ಉಳಿದುಬಿಡುತ್ತದೆ. ಅಮೆರಿಕದ ಒಂದು ಧ್ವನಿಮುದ್ರಿಕೆಯ ಚರಿತ್ರೆ ನನ್ನನ್ನು ಈ ಯೋಚನೆಗೆ ಹಚ್ಚಿತು.

ಇಲಿನಾಯ್ ಸಂಸ್ಥಾನದ ಬೆಲ್‌ವಿಲ್ ಎಂಬ ಊರಿನ ಮೂವರು ತರುಣರ ತಂಡ 'ಅಂಕಲ್ ಟುಪೆಲೋ'. 1990ರಲ್ಲಿ ಅವರ ಮೊದಲ ಮುದ್ರಿಕೆ 'ನೋ ಡಿಪ್ರೆಶನ್' ಹೊರಬಂದಿತು. ಪ್ರಕಟಿಸಿದ್ದು ರಾಕ್‌ವಿಲ್ ಎಂಬ ಸಣ್ಣ ಸಂಸ್ಥೆ. ಧ್ವನಿಮುದ್ರಣಕ್ಕೆ ತಗುಲಿದ್ದು ಹತ್ತು ದಿನ, 3,500 ಡಾಲರು. ಶೀರ್ಷಿಕೆಯ ಹಾಡನ್ನು ಕಾರ್ಟರ್ ಮನೆತನದವರು 1936ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಹಾಡಿದ್ದರು. ಮುಗ್ಗಟ್ಟಿಲ್ಲದ ನಾಡು ಸ್ವರ್ಗವೊಂದೇ ಎಂಬುದು ಅದರ ಭಾವ. ಮಿಕ್ಕವುಗಳಲ್ಲಿ ಕಾರ್ಖಾನೆಯ ರಾತ್ರಿಪಾಳಿಯಿದೆ, ಮದ್ಯವಿದೆ, ಬೇಸರವಿದೆ. 'ವಿಸ್ಕಿ ಬಾಟಲ್' ಹಾಡಿನಲ್ಲಿ ಸ್ಟೀಲ್ ಗಿಟಾರು ಮೆಲ್ಲನೆ ಮಿಡಿಯುತ್ತಿರುವಂತೆಯೇ ಪಲ್ಲವಿಯಲ್ಲಿ ವಿದ್ಯುತ್ ಗಿಟಾರು ಗರ್ಜಿಸುತ್ತದೆ. ಹಾಡುವ ಜೇ ಫರಾರನಿಗೆ ಆಗ 23 ವರ್ಷ. ಕಂಠ ಮಾತ್ರ ಬದುಕಿ ಬಳಲಿದ ಮುದುಕನದು.

ತಂಡ 1994ರಲ್ಲಿ ಒಡೆಯಿತು. ಮರುವರ್ಷ ಪೀಟರ್ ಬ್ಲಾಕ್‌ಸ್ಟಾಕ್ ಮತ್ತು ಗ್ರಾಂಟ್ ಆಲ್ಡನ್ ಎಂಬಿಬ್ಬರು ಅದೇ 'ನೋ ಡಿಪ್ರೆಶನ್' ಹೆಸರಿನಲ್ಲಿ ಒಂದು ಸಣ್ಣ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಆ ಹೆಸರು 'ಪರ್ಯಾಯ ಕಂಟ್ರಿ' ಸಂಗೀತಕ್ಕೇ ಪರ್ಯಾಯಪದವಾಯಿತು. ಕಂಟ್ರಿಯವರ ಪಂಕ್ತಿಗೂ ರಾಕ್‌ನವರ ಪಂಕ್ತಿಗೂ ಸಲ್ಲದೆ ಚದುರಿಹೋಗಿದ್ದ ಹಾಡುಗಾರರಿಗೆ ಒಂದು ಮನೆ ದೊರೆಯಿತು. ಸಣ್ಣ ಪತ್ರಿಕೆಗಳನ್ನು ನಡೆಸುವ ನಮ್ಮಂಥವರಿಗೆ ಇದು ಸಂತೋಷದ ಸಂಗತಿಯೇ.

ಆದರೆ ಹೆಸರಿಗೆ ಇನ್ನೊಂದು ಮುಖವೂ ಉಂಟು. ಈ ಮುದ್ರಿಕೆಯನ್ನು ಒಂದು ಪಂಥದ ಮೂಲಪುರುಷನೆಂದು ಪೂಜಿಸುವವರು, ಇದೇ ಬೆರಕೆಯನ್ನು ಗ್ರಾಮ್ ಪಾರ್ಸನ್ಸ್ ಮತ್ತು 'ಬರ್ಡ್ಸ್' ತಂಡದವರು 1968ರಲ್ಲಿಯೇ ಮಾಡಿದ್ದರೆಂಬುದನ್ನು ಮರೆಯುತ್ತಾರೆ. ಜೊತೆಗಾರ ಜೆಫ್ ಟ್ವೀಡಿ ಮುಂದೆ 'ವಿಲ್ಕೊ' ತಂಡವನ್ನು ಕಟ್ಟಿ, 2002ರ 'ಯಾಂಕೀ ಹೊಟೆಲ್ ಫಾಕ್ಸ್‌ಟ್ರಾಟ್'ನಲ್ಲಿ ಆ ಹೆಸರಿನ ಬೇಲಿಯನ್ನು ದಾಟಿಯೇ ಹೋದನು. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಕೃತಿಯು ಚರಿತ್ರೆಯ ಸಾಕ್ಷಿಯಾಗಿ ನಿಂತು, ಅದರೊಳಗಿನ ಆ ಬಳಲಿದ ಕಂಠ ಕೇಳದಂತಾಗುವುದು.

ನಮ್ಮ ತರಗತಿಗಳಲ್ಲಿಯೂ ಇದು ನಡೆಯುತ್ತಿದೆ. ನವ್ಯಕಾವ್ಯದ ಲಕ್ಷಣಗಳೇನೆಂದರೆ ಹುಡುಗರು ಐದು ಅಂಶಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಒಂದು ನವ್ಯಕವಿತೆಯನ್ನು ಓದಿಹೇಳಿರೆಂದರೆ ತಲೆ ತಗ್ಗಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ಪ್ರಶ್ನೆಯನ್ನು ಬರೆದವರು ನಾವು. ಹೆಸರು ಬೇಡವೆಂದು ನಾನು ಹೇಳಲಾರೆ. ಅದು ಮನೆಯ ಬಾಗಿಲಿಗೆ ತೂಗುಹಾಕಿದ ಫಲಕ. ಫಲಕವನ್ನು ಓದಿಕೊಂಡು ಬೀದಿಯಿಂದಲೇ ಹಿಂದಿರುಗಿದರೆ ಒಳಗಿರುವವರ ಪರಿಚಯವಾಗುವುದೆಂತು? ಮೊದಲು ಕವಿತೆಯನ್ನು ಗಟ್ಟಿಯಾಗಿ ಓದಿಸೋಣ. ಲಕ್ಷಣಗಳ ಪಟ್ಟಿ ಆಮೇಲೆ ಬರಲಿ.