ಪ್ರಾಗ್ ನಗರದ ಒಂಟಿಗೈ ಚಿತ್ರಗಾರ

ಝೆಕ್ ದೇಶದ ರಾಜಧಾನಿಯಾದ ಪ್ರಾಗ್ ನಗರದ ನಡುವೆ ವ್ಲತಾವ ನದಿ ಹರಿಯುತ್ತದೆ. 1357ರಲ್ಲಿ ಕಟ್ಟಲಾರಂಭಿಸಿದ ಚಾರ್ಲ್ಸ್ ಸೇತುವೆ, ಇಕ್ಕೆಲಗಳಲ್ಲಿಯೂ ಸಂತರ ಶಿಲಾಪ್ರತಿಮೆಗಳನ್ನು ಹೊತ್ತು, ಈ ನದಿಯ ಮೇಲೆ ಇಂದಿಗೂ ನಿಂತಿದೆ. ಅದನ್ನು ದಾಟಿ ಎಡದಂಡೆಗೆ ಬಂದರೆ ಸಿಗುವ ಹಳೆಯ ಪೇಟೆಯ ಹೆಸರು ಮಲಾ ಸ್ತ್ರಾನ. 'ಚಿಕ್ಕ ಮಗ್ಗುಲು' ಎಂದು ಅದರ ಅರ್ಥ. ಪ್ರವಾಸಿಗರೆಲ್ಲ ಅಲ್ಲಿಂದ ಬೆಟ್ಟದ ಮೇಲಣ ಅರಮನೆಯತ್ತ ಹೋಗುವರು. ಹಾಗೆ ಹೋಗದೆ ಪೆತ್ರೀನ್ ಗುಡ್ಡದ ಬುಡಕ್ಕೆ ಹೊರಳಿದವರಿಗೆ ಊಯೆಜ್ಡ್ ಎಂಬ ಬೀದಿ ಸಿಗುತ್ತದೆ. ಟ್ರಾಮ್ ಗಾಡಿಗಳ ಸದ್ದು ತುಂಬಿದ ಆ ಬೀದಿಯಲ್ಲಿ ಒಂದು ದೊಡ್ಡ ಮನೆಯ ಬಾಗಿಲನ್ನು ಹಾದು ಹಿತ್ತಿಲಿಗೆ ಹೋದರೆ, ಸುತ್ತಲಿನ ಎತ್ತರದ ಗೋಡೆಗಳ ನಡುವೆ ಒಂದು ಪುಟ್ಟ ತೋಟ. ತೋಟದಲ್ಲಿ ಒಂದು ಮರದ ಮನೆ.

ಈ ಮರದ ಮನೆ ಯೋಸೆಫ್ ಸುದೆಕ್ ಎಂಬ ಛಾಯಾಚಿತ್ರಗಾರನ ಕಾರ್ಯಾಗಾರ. 1927ರಲ್ಲಿ ಆತನು ಇಲ್ಲಿಗೆ ಬಂದನು. ಪ್ರಾಗ್ ನಗರವನ್ನು ಅವನಷ್ಟು ತಾಳ್ಮೆಯಿಂದ ನೋಡಿದವರು ವಿರಳ.

ಸುದೆಕ್ 1896ರ ಮಾರ್ಚ್ 17ರಂದು ಕೊಲೀನ್ ಎಂಬ ಊರಿನಲ್ಲಿ ಹುಟ್ಟಿದನು. ಕಲಿತದ್ದು ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಬೇಕಾಗಿ ಬಂದು, 1917ರಲ್ಲಿ ಇಟಲಿಯ ರಣರಂಗದಲ್ಲಿ ಗಾಯಗೊಂಡನು. ವೈದ್ಯರು ಅವನ ಬಲಗೈಯನ್ನು ಭುಜದವರೆಗೂ ಕತ್ತರಿಸಿ ತೆಗೆಯಬೇಕಾಯಿತು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಎರಡು ಕೈಯೂ ಬೇಕಾದ ಕಸಬು ಅಲ್ಲಿಗೆ ಮುಗಿಯಿತು. ಊನಗೊಂಡ ಯೋಧನಿಗೆ ಸರಕಾರ ಕೊಡುತ್ತಿದ್ದ ಅಲ್ಪ ವೇತನದ ಆಧಾರದಲ್ಲಿ ಆತನು ಕ್ಯಾಮೆರಾ ಹಿಡಿದನು. ತನ್ನಂತೆಯೇ ಅಂಗಹೀನರಾದ ಸೈನಿಕರು ವಾಸವಾಗಿದ್ದ ಪ್ರಾಗಿನ ಆಶ್ರಯಧಾಮದ ಚಿತ್ರಗಳು ಅವನ ಆರಂಭದ ಕೃತಿಗಳಲ್ಲಿ ಸೇರಿವೆ. 1922ರಿಂದ ಎರಡು ವರ್ಷ ಸರಕಾರಿ ಮುದ್ರಣಕಲಾ ಶಾಲೆಯಲ್ಲಿ ಕ್ರಮವಾದ ಶಿಕ್ಷಣವೂ ದೊರೆಯಿತು.

ಒಂಟಿಗೈಯವನಿಗೆ ಈ ಕೆಲಸ ಸುಲಭವಾಗಿರಲಿಲ್ಲ. ಅಂದಿನ ಕ್ಯಾಮೆರಾ ಜೇಬಿನಲ್ಲಿಡುವ ವಸ್ತುವಲ್ಲ. ಮರದ ಪೆಟ್ಟಿಗೆ, ಮೂರು ಕಾಲಿನ ಊರೆ, ತಟ್ಟೆಗಳ ಚೀಲ, ಇವೆಲ್ಲವನ್ನೂ ಹೊತ್ತು ನಡೆಯಬೇಕು. ಒಂದು ಕೈ ಸಾಲದಿದ್ದಲ್ಲಿ ಸುದೆಕ್ ಹಲ್ಲನ್ನು ಬಳಸುತ್ತಿದ್ದನು. ಬಾಗಿದ ಬೆನ್ನಿನ ಮೇಲೆ ಊರೆಯನ್ನು ಹೊತ್ತು ಬೀದಿ ಬೀದಿ ಅಲೆಯುವ ಅವನ ಆಕೃತಿ ಪ್ರಾಗಿನ ಜನರಿಗೆ ಚಿರಪರಿಚಿತವಾಯಿತು.

ಅರಮನೆಯ ಬೆಟ್ಟದ ಮೇಲೆ ಶತಮಾನಗಳಿಂದ ಕಟ್ಟುತ್ತಲೇ ಇದ್ದ ಸಂತ ವೀಟನ ಮಹಾದೇವಾಲಯ ಅಂತಿಮ ರೂಪಕ್ಕೆ ಬರುತ್ತಿದ್ದ ಕಾಲದಲ್ಲಿ ಸುದೆಕ್ ಅದರ ಒಳಹೊಕ್ಕನು. ಕಲ್ಲುಕುಟಿಗರ ಸಲಕರಣೆಗಳು, ಮರಳಿನ ರಾಶಿ, ಅವುಗಳ ಮೇಲೆ ಎತ್ತರದ ಕಿಟಕಿಗಳಿಂದ ಇಳಿಯುವ ಬಿಸಿಲು, ಇವು ಆ ಚಿತ್ರಗಳ ವಸ್ತು. ಅವುಗಳಲ್ಲಿ ಹದಿನೈದನ್ನು ಆರಿಸಿ 1928ರಲ್ಲಿ ಸಂಪುಟವಾಗಿ ಹೊರತಂದರು. ಕಟ್ಟಡ ಪೂರ್ಣಗೊಂಡದ್ದು ಅದರ ಮರುವರ್ಷ.

ಇಷ್ಟಾದರೂ ಅವನ ಚಿತ್ರಗಳಿಗೇ ಮೀಸಲಾದ ಪ್ರದರ್ಶನ ಪ್ರಾಗಿನಲ್ಲಿ ಮೊದಲು ನಡೆದದ್ದು 1932ರಲ್ಲಿ. ಅದರ ಸ್ಥಳ 'ಕ್ರಾಸ್ನಾ ಯಿಜ್ಬಾ'. ಸುಂದರವಾದ ಕೊಠಡಿ ಎಂಬ ಅರ್ಥದ ಈ ಮಳಿಗೆಯನ್ನು ಪ್ರಕಾಶಕರ ಸಹಕಾರ ಸಂಘವೊಂದು ನಡೆಸುತ್ತಿತ್ತು. ಗಾಜಿನ ಲೋಟ, ಪಿಂಗಾಣಿ ಬಟ್ಟಲು ಮೊದಲಾದ ಗೃಹೋಪಯೋಗಿ ವಸ್ತುಗಳನ್ನು ಅಲ್ಲಿ ಮಾರುತ್ತಿದ್ದರು. ಆ ವಸ್ತುಗಳ ಜಾಹೀರಾತಿಗೆ ಚಿತ್ರ ತೆಗೆದು ಸುದೆಕ್ ಹೊಟ್ಟೆ ಹೊರೆಯುತ್ತಿದ್ದನು. ಕೂಲಿ ಕೊಟ್ಟ ಮಳಿಗೆಯಲ್ಲಿಯೇ ಆತನಿಗೆ ಕಲಾವಿದನ ಸ್ಥಾನವೂ ದೊರೆಯಿತು.

ಪ್ರದರ್ಶನಕ್ಕೆಂದು ಚಿತ್ರಗಳನ್ನು ಸಿದ್ಧಪಡಿಸುವ ಬಗೆಯಲ್ಲಿ ಸುದೆಕನಿಗೆ ಒಂದು ಹೊಸ ದಾರಿ ತೆರೆದದ್ದು 1940ರಲ್ಲಿ. ಫ್ರಾನ್ಸಿನ ಶಾರ್ತ್ರ್ ದೇವಾಲಯದ ಶಿಲ್ಪವೊಂದರ ಹಳೆಯ ಛಾಯಾಚಿತ್ರ ಅವನ ಕಣ್ಣಿಗೆ ಬಿದ್ದಿತು. ಅದು ತಟ್ಟೆಯನ್ನು ನೇರವಾಗಿ ಕಾಗದದ ಮೇಲಿಟ್ಟು ಬೆಳಕು ತೋರಿ ಪಡೆದ ಅಚ್ಚು. ಹೀಗೆ ಮಾಡಿದರೆ ಚಿತ್ರ ತಟ್ಟೆಯ ಅಳತೆಗಿಂತ ದೊಡ್ಡದಾಗದು. ಆದರೆ ಕಲ್ಲಿನ ಒರಟು, ನೆರಳಿನ ಹದ ಯಾವುದೂ ನಷ್ಟವಾಗದು. ಅಂದಿನಿಂದ ಹಿಗ್ಗಿಸಿ ಅಚ್ಚು ತೆಗೆಯುವುದನ್ನು ಆತನು ಬಹುಮಟ್ಟಿಗೆ ಬಿಟ್ಟನು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ತಟ್ಟೆ ಬೇಕು, ದೊಡ್ಡ ತಟ್ಟೆಗೆ ಭಾರವಾದ ಕ್ಯಾಮೆರಾ ಬೇಕು. ಇರುವ ಒಂದು ಕೈಗೆ ತಾನಾಗಿಯೇ ಹೊರೆ ಹೆಚ್ಚಿಸಿಕೊಂಡನು. ಕತ್ತಲೆ ಕೋಣೆಯ ಕೆಲಸದಲ್ಲಿ ತಂಗಿ ಬೊಜೆನಾ ಅವನಿಗೆ ನೆರವಾಗುತ್ತಿದ್ದಳು.

ಅವು ಜರ್ಮನ್ ಸೈನ್ಯ ಪ್ರಾಗನ್ನು ಆಕ್ರಮಿಸಿದ್ದ ವರ್ಷಗಳು. ಬೀದಿಯಲ್ಲಿ ಕ್ಯಾಮೆರಾ ಹೂಡಿ ನಿಲ್ಲುವುದು ಅಪಾಯಕರ. ಸುದೆಕ್ ಕ್ಯಾಮೆರಾವನ್ನು ತನ್ನ ಕಿಟಕಿಯತ್ತಲೇ ತಿರುಗಿಸಿದನು. ಮಂಜು ಕವಿದ ಗಾಜು, ಅದರ ಮೇಲೆ ಇಳಿಯುವ ಹನಿಗಳು, ಆಚೆ ತೋಟದಲ್ಲಿ ಸೊಟ್ಟಗೆ ಬೆಳೆದ ಒಂದು ಮರ. ಈ ಒಂದೇ ಕಿಟಕಿಯನ್ನು ಆತನು 1954ರವರೆಗೆ, ಹದಿನಾಲ್ಕು ವರ್ಷ, ಎಲ್ಲ ಋತುಗಳಲ್ಲಿಯೂ ಚಿತ್ರಿಸಿದನು. ನಗರ ಕೈತಪ್ಪಿದ ಕಾಲದಲ್ಲಿ ಕಿಟಕಿಯ ಗಾಜೇ ಅವನಿಗೆ ನಗರವಾಯಿತು.

ಯುದ್ಧ ಮುಗಿದ ಮೇಲೆ, ನಾತ್ಸಿಗಳ ಸೆರೆಶಿಬಿರಗಳಿಂದ ಬದುಕಿ ಬಂದಿದ್ದ ಸೋನ್ಯ ಬುಲ್ಲಾತಿ ಎಂಬ ತರುಣಿ ಅವನ ಸಹಾಯಕಳಾದಳು. ದೇವಾಲಯದ ಕೆಳಗಿನ ಪುರಾತನ ಕೋಣೆಯೊಂದರಲ್ಲಿ ಬಿಸಿಲುಕೋಲು ಇಳಿದುದನ್ನು ಕಂಡು, ಅದು ಚಿತ್ರದಲ್ಲಿ ಮೂಡಲೆಂದು ಇಬ್ಬರೂ ಬಟ್ಟೆ ಬೀಸಿ ಧೂಳೆಬ್ಬಿಸಿದ ಪ್ರಸಂಗವನ್ನು ಆಕೆ ಮುಂದೆ ಬರೆದಿರುವಳು.

ಆ ಬಳಿಕ ಸುದೆಕ್ ಇಡೀ ನಗರಕ್ಕೇ ಕೈ ಹಾಕಿದನು. ಅವನಿಗೆ ದೊರೆತ ಒಂದು ಹಳೆಯ ಕೊಡಕ್ ಪನೋರಮ ಕ್ಯಾಮೆರಾದ ಮಸೂರ ಪಕ್ಕದಿಂದ ಪಕ್ಕಕ್ಕೆ ತಿರುಗುತ್ತ, 10 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲದ ಚಿತ್ರವನ್ನು ಹಿಡಿಯುತ್ತಿತ್ತು. ಸೇತುವೆ, ಗೋಪುರಗಳಷ್ಟೇ ಅಲ್ಲದೆ, ಊರಂಚಿನ ಕಾರ್ಖಾನೆ, ಕೆಸರು ದಾರಿ, ಒಂಟಿ ಮರಗಳಿಗೂ ಅದರಲ್ಲಿ ಸಮಾನ ಸ್ಥಾನ. ಇಂತಹ 284 ಚಿತ್ರಗಳ ಗ್ರಂಥ 1959ರಲ್ಲಿ ಪ್ರಕಟವಾಯಿತು. 1961ರಲ್ಲಿ ಸರಕಾರ ಅವನಿಗೆ ಕಲಾವಿದನ ಗೌರವ ಪದವಿಯನ್ನಿತ್ತಿತು; ಆ ದೇಶದಲ್ಲಿ ಛಾಯಾಚಿತ್ರಗಾರನೊಬ್ಬನಿಗೆ ಅದು ಸಂದದ್ದು ಅದೇ ಮೊದಲು.

ಗೌರವ ಬಂದರೂ ಅವನ ರೀತಿ ಬದಲಾಗಲಿಲ್ಲ. ಮರದ ಮನೆಯಲ್ಲಿ ಕಾಗದ, ತಟ್ಟೆ, ಗ್ರಾಮಫೋನ್ ರೆಕಾರ್ಡುಗಳ ರಾಶಿ ಸೂರು ಮುಟ್ಟುತ್ತಿತ್ತು. ವಾರಕ್ಕೊಂದು ಸಂಜೆ ಗೆಳೆಯರು ಆ ರಾಶಿಗಳ ನಡುವೆ ಜಾಗ ಮಾಡಿಕೊಂಡು ಕುಳಿತು ಸಂಗೀತ ಕೇಳುವರು. ತನ್ನ ಪ್ರದರ್ಶನಗಳನ್ನು ಅಣಿಗೊಳಿಸುವುದರಲ್ಲಿದ್ದ ಆಸಕ್ತಿ ಅವುಗಳ ಪ್ರಾರಂಭೋತ್ಸವದಲ್ಲಿ ಅವನಿಗೆ ಇರಲಿಲ್ಲ. ಹೊಗಳಿಕೆಯ ಭಾಷಣಗಳ ಹೊತ್ತಿಗೆ ಆತನು ಬಹುತೇಕ ಅಲ್ಲಿ ಇರುತ್ತಲೇ ಇರಲಿಲ್ಲ.

ಸುದೆಕನಿಗೆ ಎಂಬತ್ತು ತುಂಬಿದ 1976ರಲ್ಲಿ ಪ್ರಾಗಿನ ಅಲಂಕಾರಕಲೆಗಳ ವಸ್ತುಸಂಗ್ರಹಾಲಯ ಅವನ ಜೀವಮಾನದ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ಅದನ್ನು ಅಣಿಗೊಳಿಸಿದಾಕೆ ಅನ್ನಾ ಫಾರೋವಾ ಎಂಬ ವಿದುಷಿ. ಅದೇ ವರ್ಷ ಸೆಪ್ಟೆಂಬರ್ 15ರಂದು ಸುದೆಕ್ ಕಣ್ಮುಚ್ಚಿದನು. ನಾಗರಿಕ ಹಕ್ಕುಗಳಿಗಾಗಿ ಹೊರಟ 1977ರ ಸನದಿಗೆ ಸಹಿ ಹಾಕಿದುದಕ್ಕಾಗಿ ಫಾರೋವಾ ತನ್ನ ಕೆಲಸವನ್ನೇ ಕಳೆದುಕೊಂಡಳು. ಆದರೂ ಆತನು ಬಿಟ್ಟುಹೋದ ಸಾವಿರಾರು ಅಚ್ಚುಗಳನ್ನೂ ತಟ್ಟೆಗಳನ್ನೂ ವಿಂಗಡಿಸಿ ಪಟ್ಟಿಮಾಡುವ ಕಾರ್ಯವನ್ನು ಆಕೆ ಕೈಬಿಡಲಿಲ್ಲ. ಹೀಗಾಗಿ ಆ ಸಂಪತ್ತು ಚೆದುರಿಹೋಗದೆ ಉಳಿಯಿತು.

ಮರದ ಮನೆಗೆ ಅಂತಹ ಭಾಗ್ಯವಿರಲಿಲ್ಲ. 1980ರ ದಶಕದಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಬಹುಕಾಲದ ಮೇಲೆ ಅದೇ ತೋಟದಲ್ಲಿ, ಹಿಂದಿನ ಆಕಾರದಲ್ಲಿಯೇ ಅದನ್ನು ಮತ್ತೆ ಕಟ್ಟಿ 2000ದಲ್ಲಿ ಚಿತ್ರಶಾಲೆಯನ್ನಾಗಿ ತೆರೆದರು. ಪ್ರಾಗಿನ ಹೊಸ ಛಾಯಾಚಿತ್ರಗಾರರಿಗೆ ತಮ್ಮ ಕೃತಿಗಳನ್ನು ಊರವರ ಮುಂದಿಡಲು ಅಲ್ಲಿ ಅವಕಾಶ ದೊರೆತಿದೆ. ಸುದೆಕನು ಕುಳಿತು ಮಳೆಯನ್ನು ನೋಡುತ್ತಿದ್ದ ಕಿಟಕಿಯ ಜಾಗದಲ್ಲಿ ಇಂದೂ ಒಂದು ಕಿಟಕಿಯಿದೆ. ಚಿತ್ರ ನೋಡಲು ಬಂದವರು ಅದರ ಬಳಿಯೂ ಒಂದು ಗಳಿಗೆ ನಿಲ್ಲಬಹುದು.