ಜೇಬಿನಲ್ಲೊಂದು ಉಸಿರು

ಮಂಡ್ಯ ಸೀಮೆಯವರಿಗೆ ನೀರು ಹೊಸದಲ್ಲ. ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಕಬ್ಬಿನ ಗದ್ದೆಗಳಿಗೆ ನೀರುಣಿಸುತ್ತದೆ. ಮದ್ದೂರಿನ ಮಗ್ಗುಲಲ್ಲಿ ಶಿಂಷೆ ಹರಿಯುತ್ತಾಳೆ. ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಗಗನಚುಕ್ಕಿಯಾಗಿ ಧುಮುಕುತ್ತಾಳೆ. ಅದೇ ತಾಲ್ಲೂಕಿನ ಮುತ್ತತ್ತಿಯಲ್ಲಿ ಸೀತಾದೇವಿಯ ಮುತ್ತಿನ ಮೂಗುತಿ ಹೊಳೆಗೆ ಜಾರಿತೆಂದೂ, ಅದನ್ನು ಹುಡುಕಿ ತೆಗೆದ ಆಂಜನೇಯನು ಮುತ್ತೆತ್ತರಾಯನೆನಿಸಿದನೆಂದೂ ಸ್ಥಳಪುರಾಣ ಹೇಳುತ್ತದೆ. ಅವನು ವಾಯುಪುತ್ರ, ನೀರಿನಲ್ಲಿ ಗಾಳಿಯ ಚಿಂತೆ ಅವನಿಗೇಕೆ? ರನ್ನನ ದುರ್ಯೋಧನನಿಗೂ ವೈಶಂಪಾಯನ ಸರೋವರದಲ್ಲಿ ಅಡಗಲು ಜಲಸ್ತಂಭನ ಮಂತ್ರವಿತ್ತು. ಇವೆರಡೂ ಇಲ್ಲದ ಸಂಸಾರಿಗಳಿಗೆ ಕೊಳವೆಯೇ ಗತಿ.

ಆ ಕೊಳವೆಗೆ ಸ್ನಾರ್ಕೆಲ್ ಎಂದು ಹೆಸರು. ಮದ್ದೂರಿನ ತರುಣ ಉಪಾಧ್ಯಾಯನೊಬ್ಬನಿಗೆ ಅದು ಬೇಕಾಯಿತು. ಮುರುಡೇಶ್ವರದ ಕರೆಯಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಆತ ಒಮ್ಮೆ ಶಿಕ್ಷಕರ ಕೈ ಹಿಡಿದು ಮುಳುಗಿ, ಮೀನುಗಳನ್ನು ಕಂಡು ಬಂದಿದ್ದ. ಆಗ ಸಲಕರಣೆಗಳೆಲ್ಲವೂ ಅವರವೇ. ಈಗ ಸ್ಕೂಬಾ ವಿದ್ಯೆಯನ್ನು ಕ್ರಮವಾಗಿ ಕಲಿಯುವ ಹಂಬಲ.

ಬೆನ್ನಿಗೆ ಗಾಳಿಯ ಸಿಲಿಂಡರೇ ಇರುವಾಗ ಕೊಳವೆ ಏತಕ್ಕೆಂದು ವಾಚಕರು ಕೇಳಬಹುದು. ಸಿಲಿಂಡರಿನ ಗಾಳಿ ತಿಂಗಳ ಸಂಬಳದಂತೆ, ಮುಗಿಯುವಂಥದು. ಮೇಲೆದ್ದು ದೋಣಿಗಾಗಿ ಕಾಯುವಾಗ ಅಲೆಗಳು ಮುಖಕ್ಕೆ ಅಪ್ಪಳಿಸುತ್ತವೆ. ಉಳಿದ ಗಾಳಿಯನ್ನು ವ್ಯಯಿಸದೆ ಉಸಿರಾಡಲು ಕೊಳವೆ ಬೇಕು. ಆದರೆ ಆಳದಲ್ಲಿ ಅದು ನಿರುಪಯೋಗಿ. ಕನ್ನಡಕದ ಪಟ್ಟಿಯಲ್ಲಿ ನೇತಾಡಿ ಅಡ್ಡಿಯಾಗುತ್ತದೆ. ಆದಕಾರಣವೇ ಸುರುಳಿ ಸುತ್ತಿ ಜೇಬಿಗೆ ಹಾಕಬಹುದಾದ ಸಿಲಿಕೋನಿನ ಕೊಳವೆ.

ನಾಲೆಯ ಹುಡುಗರು ಪರಂಗಿ ಎಲೆಯ ದಂಟನ್ನು ಬಾಯಿಗಿಟ್ಟು ಮುಳುಗುವುದುಂಟು. ದಂಟು ಉದ್ದವಾದಷ್ಟೂ ಆಳಕ್ಕೆ ಹೋಗಬಹುದೆಂಬುದು ಅವರ ತರ್ಕ. ಅದು ಅಪಾಯಕರ. ಒಂದು ಮೀಟರಿನಷ್ಟು ಆಳದಲ್ಲಿಯೇ ನೀರಿನ ಭಾರ ಎದೆಯನ್ನು ಒತ್ತಿ, ಮೇಲಿನ ಗಾಳಿಯನ್ನು ಎಳೆದುಕೊಳ್ಳಲಾಗದಂತೆ ಮಾಡುತ್ತದೆ. ಉದ್ದದ ಕೊಳವೆಯಲ್ಲಿ ಬಿಟ್ಟ ಉಸಿರೇ ಮತ್ತೆ ಒಳಗೆ ಬರುತ್ತದೆ. ಆದುದರಿಂದ ಸ್ನಾರ್ಕೆಲಿನ ಉದ್ದ ಸಾಮಾನ್ಯವಾಗಿ 40 ಸೆಂಟಿಮೀಟರಿನ ಆಸುಪಾಸು.

ಉಪಾಧ್ಯಾಯನು ಮೊದಲು ಮೆಚ್ಚಿದ್ದು ಅತಿ ಚಿಕ್ಕದಾಗಿ ಮಡಿಚಿಕೊಳ್ಳುವುದನ್ನು. ಬಿಡಿಸಿ ನೋಡಿದರೆ ನಡುವೆ ಮಡಿಕೆ ಉಳಿದು ದಾರಿ ಕಿರಿದಾಗಿತ್ತು. ಎರಡನೆಯದು ಕೊಂಚ ದಪ್ಪ. ಸುರುಳಿ ಬಿಟ್ಟೊಡನೆ ನೆಟ್ಟಗಾಯಿತು. ಬಾಯಿಗಿಡುವ ಭಾಗ ದವಡೆಗೆ ನೋವಾಗದಂತೆ ಕುಳಿತಿತು. ಕೆಳಗೆ, ಊದಿದರೆ ನೀರನ್ನು ಹೊರಕ್ಕೆ ಬಿಟ್ಟು ಮರಳಿ ಒಳಕ್ಕೆ ಬಿಡದ ಕವಾಟ. ಪಟ್ಟಿಗೆ ಒಂದೇ ಕೈಯಿಂದ ಸಿಕ್ಕಿಸಬಹುದಾದ ಕೊಕ್ಕೆ. ಅದನ್ನೇ ಕೊಂಡ.

ಮನೆಯಲ್ಲಿ ತಾಯಿ ಅದನ್ನು ತಿರುತಿರುಗಿಸಿ ನೋಡಿದಳು. ಆಕೆಯ ತವರು ಮಳವಳ್ಳಿಯ ಕಡೆ. ಒಡಹುಟ್ಟಿದವನನ್ನು ಮುತ್ತತ್ತಿಯ ಸುಳಿಯಲ್ಲಿ ಕಳೆದುಕೊಂಡವಳು. ಅಂದಿನಿಂದ ಹೊಳೆಗೆ ಇಳಿದವಳಲ್ಲ.

"ಇದ ಕಚ್ಕಂಡಿದ್ರೆ ಮುಳುಗಾಕಿಲ್ವೇನ್ಲಾ ಮಗ?"

ಹೌದೆಂದಿದ್ದರೆ ಆಕೆಗೆ ಅಂದು ನೆಮ್ಮದಿಯಾಗುತ್ತಿತ್ತು. ಮಗ ಹಾಗೆನ್ನಲಿಲ್ಲ. "ಇದು ತೇಲಿಸಾಕಿಲ್ಲ ಕಣವ್ವ. ತೇಲೋದ ನಾನೇ ಕಲೀಬೇಕು. ತೇಲ್ತಿರುವಾಗ ಉಸಿರಿಗೆ ಮಾತ್ರ ಇದು."

ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಮಾಮನ್ಗೆ ಈಜೂ ಬರ್ತಿರ್ಲಿಲ್ಲ, ಹೇಳೋರೂ ಇರ್ಲಿಲ್ಲ" ಎಂದಳು.

ಮರುದಿನದಿಂದ ಅಭ್ಯಾಸ ಪ್ರಾರಂಭವಾಯಿತು; ನಾಲೆಯ ಸೆಳೆತದಲ್ಲಲ್ಲ, ಈಜುಕೊಳದ ಎದೆಮಟ್ಟದ ನೀರಿನಲ್ಲಿ, ಬಲ್ಲವರೊಬ್ಬರ ಕಣ್ಗಾವಲಿನಲ್ಲಿ. ಕೊಳವೆಗೆ ನೀರು ತುಂಬಿದಾಗ ಒಮ್ಮೆಲೇ ಬಲವಾಗಿ ಊದಿ ಹೊರದೂಡಬೇಕು. ಆ ಬಳಿಕದ ಮೊದಲ ಉಸಿರನ್ನು ಮೆಲ್ಲನೆ ಎಳೆಯಬೇಕು. ಊದುವಷ್ಟು ಗಾಳಿಯನ್ನು ಎದೆಯಲ್ಲಿ ಉಳಿಸಿಕೊಳ್ಳದವನಿಗೆ ಯಾವ ಕೊಳವೆಯೂ ನೆರವಾಗದು.

ಸುತ್ತಿಟ್ಟ ಕೊಳವೆ ಬಹುದಿನ ಹಾಗೆಯೇ ಇದ್ದರೆ ಡೊಂಕು ಹಿಡಿಯುತ್ತದೆಂದು ಮಗ ಹೇಳಿದುದನ್ನು ತಾಯಿ ನೆನಪಿಟ್ಟಿದ್ದಳು. ಸಂಜೆ ಆತ ಮನೆಗೆ ಬಂದಾಗ ಡಬ್ಬಿ ಬರಿದಾಗಿತ್ತು. ಸಿಹಿನೀರಿನಲ್ಲಿ ತೊಳೆದ ಕೊಳವೆ, ಬಿಸಿಲು ಬೀಳದ ಗೋಡೆಯ ಮೊಳೆಯಲ್ಲಿ, ಅವನ ಕೊಡೆಯ ಪಕ್ಕದಲ್ಲಿ ನೆಟ್ಟಗೆ ತೂಗುತ್ತಿತ್ತು.